ನಾಲ್ಕು ವೇದಿಕೆ, ಒಂದು ಅರೆಮಂಡಿ

ನವೆಂಬರ್ ಬಂತೆಂದರೆ ತುಮಕೂರಿನಲ್ಲಿ ಡಾನ್ಸ್ ಬಲ್ಲವರಿಗೆ ಸುಗ್ಗಿ. ರಾಜ್ಯೋತ್ಸವ ನವೆಂಬರ್ 1ಕ್ಕೆ ಎಂದು ಕ್ಯಾಲೆಂಡರ್ ಹೇಳುತ್ತದೆ. ನಮ್ಮ ಕಡೆ ಅದು ತಿಂಗಳಿಡೀ ನಡೆದು ಡಿಸೆಂಬರಿಗೂ ಕಾಲು ಚಾಚುತ್ತದೆ. ಬಡಾವಣೆಗೊಂದು ಸಂಘ, ಆಟೊ ಸ್ಟ್ಯಾಂಡಿಗೊಂದು ಧ್ವಜಸ್ತಂಭ, ಎಲ್ಲ ಕಡೆಯೂ ಸಂಜೆ ಆರಕ್ಕೆ ಎಂದು ಹೇಳಿ ಎಂಟಕ್ಕೆ ಶುರುವಾಗುವ ‘ಸಾಂಸ್ಕೃತಿಕ ಕಾರ್ಯಕ್ರಮ’. ಅದಕ್ಕೂ ಮೊದಲು ಗಣೇಶನ ಪೆಂಡಾಲು, ದಸರಾ. ಆಮೇಲೆ ಶಾಲೆಗಳ ವಾರ್ಷಿಕೋತ್ಸವ, ಕಾಲೇಜುಗಳ ಫೆಸ್ಟು, ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆ, ಬೇಸಿಗೆಯಲ್ಲಿ ಊರೂರಿನ ತೇರು. ಸಂದರ್ಭ ಯಾವುದಾದರೂ ಫೋನಿಗೆ ಬರುವ ಮೆಸೇಜಿನ ಧಾಟಿ ಮಾತ್ರ ಒಂದೇ: ‘ನಾಡಿದ್ದು ಒಂದು ಪ್ರೋಗ್ರಾಂ ಇದೆ. ಒಬ್ರು ಕಮ್ಮಿ ಇದೀವಿ. ಬರ್ತೀಯಾ?’

‘ಬರ್ತೀನಿ’ ಎಂದು ಟೈಪ್ ಮಾಡಲು ಎರಡು ಸೆಕೆಂಡು ಸಾಕು. ಆ ಎರಡು ಸೆಕೆಂಡಿನ ಹಿಂದೆ ಎಷ್ಟು ಲೆಕ್ಕ ಇರಬೇಕು ಎಂಬುದೇ ಈ ಬರಹ.

ನಾನು ಓದುತ್ತಿರುವುದು ಬಿ.ಇ. ಮೆಕ್ಯಾನಿಕಲ್, ಐದನೇ ಸೆಮಿಸ್ಟರ್. ಭರತನಾಟ್ಯ ಕಲಿಯಲು ಶುರು ಮಾಡಿದ್ದು ಎರಡನೇ ಕ್ಲಾಸಿನಲ್ಲಿ. ಜೂನಿಯರ್, ಸೀನಿಯರ್ ಮುಗಿಸಿ ಈಗ ವಿದ್ವತ್ ಪೂರ್ವ ಪರೀಕ್ಷೆಗೆ ತಯಾರಾಗುತ್ತಿದ್ದೇನೆ. ಹಿಂದೆ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ನಡೆಸುತ್ತಿದ್ದ ಈ ಪರೀಕ್ಷೆಗಳು ಈಗ ಮೈಸೂರಿನ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯದ ಕೈಯಲ್ಲಿವೆ. ಇದು ನನ್ನ ಡಾನ್ಸಿನ ಒಂದು ಭಾಗ. ಎರಡನೆಯದು ಕಾಲೇಜಿನ ತಂಡ. ಅಲ್ಲಿ ಫ್ಯೂಷನ್, ಸಿನಿಮಾ ಹಾಡು, ಫೆಸ್ಟಿಗೆ ಬೇಕಾದ ಎಲ್ಲವೂ. ಮೂರನೆಯದು ಗುಬ್ಬಿಯಲ್ಲಿ ಭಾನುವಾರ ಬೆಳಗ್ಗೆ ಒಬ್ಬರ ಮನೆಯ ಹಾಲ್‌ನಲ್ಲಿ ಹತ್ತು ಮಕ್ಕಳಿಗೆ ಪಾಠ. ನಾಲ್ಕನೆಯದು ಕುಣಿಗಲ್‌ನ ಒಂದು ತಂಡ. ಅವರು ಜಾನಪದ, ನಾಡಗೀತೆ, ನೃತ್ಯರೂಪಕ ಎಂದು ಸುತ್ತಮುತ್ತ ಎಲ್ಲಿ ಕರೆದರೂ ಹೋಗುತ್ತಾರೆ, ಪೇಮೆಂಟ್ ಕೊಡುತ್ತಾರೆ.

ಇಷ್ಟೆಲ್ಲ ಓಡಾಟ ಸಾಧ್ಯವಾಗಿದ್ದಕ್ಕೆ ಕಾರಣವನ್ನು ಪ್ರಾಮಾಣಿಕವಾಗಿ ಹೇಳಬೇಕು: ಬಸ್ಸು. ಗುಬ್ಬಿ ನಮಗೆ ಸುಮಾರು 20 ಕಿಲೋಮೀಟರ್, ಹೆಬ್ಬೂರಿನ ಮೇಲೆ ಹಾದು ಕುಣಿಗಲ್ ಸುಮಾರು 36. ಗುಬ್ಬಿಗೆ ರೈಲೂ ಇದೆ, ಆದರೆ ಅದರ ಹೊತ್ತಿಗೂ ಮಕ್ಕಳ ಹೊತ್ತಿಗೂ ಹೊಂದುವುದಿಲ್ಲ. ಕುಣಿಗಲ್ ರೈಲು ಬೆಂಗಳೂರು–ಹಾಸನ ಮಾರ್ಗದ್ದು, ಅದಕ್ಕೂ ತುಮಕೂರಿಗೂ ಸಂಬಂಧವೇ ಇಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗದೇ ಹೋಗಿದ್ದರೆ, ವಾರಕ್ಕೆ ಎರಡು ಸಲ ಈ ಊರುಗಳಿಗೆ ಹೋಗಿಬರಲು ಮನೆಯಲ್ಲಿ ದುಡ್ಡು ಕೇಳುವ ಮುಖ ನನಗಿರಲಿಲ್ಲ. ಯೋಜನೆ ಬೇಕು, ಬೇಡ ಎಂದು ಟಿವಿಯಲ್ಲಿ ಎಷ್ಟೋ ಚರ್ಚೆ ನೋಡಿದ್ದೇನೆ. ಸೊಂಟಕ್ಕೆ ಗೆಜ್ಜೆ ಚೀಲ ಒತ್ತಿಕೊಂಡು ಕಿಟಕಿ ಪಕ್ಕ ಕೂತ ಹುಡುಗಿಯರ ಲೆಕ್ಕ ಆ ಚರ್ಚೆಗಳಲ್ಲಿ ಬಂದಿದ್ದನ್ನು ಮಾತ್ರ ನೋಡಿಲ್ಲ.

ಈಗ ಅಸಲಿ ವಿಷಯ. ಕಾರ್ಯಕ್ರಮಕ್ಕೆ ದಿನಾಂಕ ಇರುತ್ತದೆ, ಜನ ಕಾಯುತ್ತಿರುತ್ತಾರೆ, ತಪ್ಪಿಸಿದರೆ ಬೈಗುಳ ಗ್ಯಾರಂಟಿ. ಅಡವು ಅಭ್ಯಾಸಕ್ಕೆ ಇದ್ಯಾವುದೂ ಇಲ್ಲ. ಅದು ಫೋನ್ ಮಾಡಿ ‘ಎಲ್ಲಿದೀಯಾ’ ಎಂದು ಕೇಳುವುದಿಲ್ಲ. ಹಾಗಾಗಿ ವಾರದಲ್ಲಿ ಏನಾದರೂ ಒಂದನ್ನು ಬಿಡಬೇಕು ಎಂದಾಗ ಮೊದಲು ಕೈಬಿಡುವುದು ಅದನ್ನೇ. ‘ದಿನಾ ಕುಣೀತಾನೇ ಇದೀಯಲ್ಲ, ಅದೇ ಪ್ರಾಕ್ಟೀಸ್ ಅಲ್ವಾ?’ ಎಂದು ಕ್ಲಾಸ್‌ಮೇಟ್‌ಗಳು ಕೇಳುತ್ತಾರೆ. ಅಪ್ಪ, ಅಮ್ಮ ಕೇಳುತ್ತಾರೆ. ನೃತ್ಯ ಗೊತ್ತಿಲ್ಲದವರಿಗೆ ಇದು ಸರಿಯಾದ ಪ್ರಶ್ನೆಯೇ.

ಭರತನಾಟ್ಯದಲ್ಲಿ ಅಡವು ಎಂದರೆ ಅಕ್ಷರ. ತಟ್ಟಡವು, ನಾಟಡವು, ಮೆಟ್ಟಡವು, ಮಂಡಿ ಅಡವು ಹೀಗೆ ಗುಂಪುಗಳಿವೆ, ಪ್ರತಿ ಗುಂಪಿನಲ್ಲೂ ಹಲವು ಬಗೆ. ಒಂದೊಂದನ್ನೂ ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ ಮಾಡಬೇಕು. ಬಹುಪಾಲು ಅಡವುಗಳು ಅರೆಮಂಡಿಯಲ್ಲಿ: ಬೆನ್ನು ನೆಟ್ಟಗೆ, ಮಂಡಿ ಎರಡೂ ಪಕ್ಕಕ್ಕೆ ಬಾಗಿ, ಪಾದ ಹೊರಕ್ಕೆ ತಿರುಗಿ, ಅರ್ಧ ಕೂತ ಭಂಗಿ. ನೋಡಲು ಸುಲಭ. ಎರಡು ನಿಮಿಷ ಹಾಗೇ ನಿಂತು ನೋಡಿ, ತೊಡೆ ನಿಮ್ಮೊಂದಿಗೆ ಮಾತಾಡಲು ಶುರು ಮಾಡುತ್ತದೆ.

ನಮ್ಮ ಗುರುಗಳ ಕ್ಲಾಸಿನ ಗೋಡೆಯಲ್ಲಿ ಸೀಮೆಸುಣ್ಣದ ಗೆರೆಗಳಿವೆ. ವರ್ಷದ ಶುರುವಿನಲ್ಲಿ ಪ್ರತಿಯೊಬ್ಬರನ್ನೂ ಸರಿಯಾದ ಅರೆಮಂಡಿಯಲ್ಲಿ ನಿಲ್ಲಿಸಿ, ನೆತ್ತಿ ಬರುವ ಎತ್ತರಕ್ಕೆ ಒಂದು ಗೆರೆ ಎಳೆದು ಪಕ್ಕದಲ್ಲಿ ಹೆಸರು ಬರೆಯುತ್ತಾರೆ. ತಿಂಗಳಿಗೊಮ್ಮೆ ಗೆರೆಯ ಪಕ್ಕ ನಿಂತು ಅಡವು ಮಾಡಬೇಕು. ಜುಲೈ, ಆಗಸ್ಟಿನಲ್ಲಿ ಎಲ್ಲರ ನೆತ್ತಿಯೂ ಗೆರೆಗೆ ಸರಿಯಾಗಿ ಇರುತ್ತದೆ. ಡಿಸೆಂಬರಿನಲ್ಲಿ ನೋಡಿದರೆ ಹೆಚ್ಚು ಕಾರ್ಯಕ್ರಮ ಕೊಟ್ಟವರ ತಲೆ ಎಲ್ಲಕ್ಕಿಂತ ಮೇಲೆ! ಕಾರ್ಯಕ್ರಮವೇ ಅಭ್ಯಾಸ ಅನ್ನುವುದಾದರೆ ಇದು ಉಲ್ಟಾ ಆಗಬೇಕಿತ್ತಲ್ಲ?

ಕಾರಣ ಹುಡುಕಿದರೆ ಸಿಗುತ್ತದೆ. ವೇದಿಕೆಯ ಮೇಲೆ ನಾವು ಮಾಡುವುದು ಆ ಒಂದು ಹಾಡಿಗೆ ಬೇಕಾದಷ್ಟನ್ನೇ. ಐದು ನಿಮಿಷದ ಹಾಡಿನಲ್ಲಿ ಬರುವ ಅಡವುಗಳು ಏಳೋ ಎಂಟೋ, ಅವೇ ತಿರುಗಿ ತಿರುಗಿ ಬರುತ್ತವೆ. ಉಳಿದವು ತಿಂಗಳುಗಟ್ಟಲೆ ಮೈಗೆ ತಾಕುವುದೇ ಇಲ್ಲ. ಹಾಡಿನ ವೇಗ ಪೆನ್‌ಡ್ರೈವ್‌ನಲ್ಲಿ ಫಿಕ್ಸ್ ಆಗಿರುತ್ತದೆ, ಹಾಗಾಗಿ ಮೊದಲ ಕಾಲದ ನಿಧಾನ ಯಾರಿಗೂ ಬೇಕಾಗುವುದಿಲ್ಲ. ನಿಧಾನವೇ ಕಷ್ಟ, ಅಲ್ಲಿ ತಪ್ಪು ಅಡಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ವೇದಿಕೆ ನಮಗೆ ಕಲಿಸುವುದು ತಪ್ಪನ್ನು ಮುಚ್ಚಿಕೊಳ್ಳುವುದನ್ನು. ಎಡಗಾಲು ತಡವಾಯಿತೇ, ನಗು ಜಾಸ್ತಿ ಮಾಡು. ಕೈ ಇಳಿಯಿತೇ, ತಲೆ ಎತ್ತು. ಇದೂ ಒಂದು ವಿದ್ಯೆ, ಬೇಕಾದದ್ದೇ. ಕ್ಲಾಸಿನಲ್ಲಿ ಕಲಿಸುವುದು ಇದರ ವಿರುದ್ಧ: ತಪ್ಪನ್ನು ಎಲ್ಲರೆದುರು ಹೊರಗೆಳೆದು, ಅದನ್ನೇ ಇಪ್ಪತ್ತು ಸಲ ಮಾಡಿಸುವುದು. ನಮ್ಮ ಲ್ಯಾಬಿನಲ್ಲಿ ವರ್ನಿಯರ್ ಹಿಡಿಯುವ ಮೊದಲು ಝೀರೊ ಎರರ್ ನೋಡಿಕೊಳ್ಳುತ್ತೇವಲ್ಲ, ಹಾಗೆ. ಕೆಲಸ ಎಷ್ಟೇ ಮಾಡಿದರೂ ಅದರಿಂದ ಉಪಕರಣದ ಝೀರೊ ಎರರ್ ಹೋಗುವುದಿಲ್ಲ.

ಇನ್ನೊಂದು ತೊಡಕು ಶೈಲಿಗಳದ್ದು. ಕಾಲೇಜು ತಂಡದಲ್ಲಿ ಹಿಪ್‌ಹಾಪ್ ತುಣುಕು ಬಂದರೆ ಮಂಡಿ ಸಡಿಲ ಬಿಟ್ಟು, ಭುಜ ಇಳಿಸಿ, ಮೈಯನ್ನು ನೆಲದ ಕಡೆ ಎಳೆಯಬೇಕು. ಮರುದಿನ ಭರತನಾಟ್ಯದ ಕ್ಲಾಸಿಗೆ ಹೋದರೆ ಬೆನ್ನು ಕೋಲಿನಂತೆ ಇರಬೇಕು. ಮೈಗೆ ಸ್ವಿಚ್ ಇಲ್ಲ. ಆದರೆ ಇದನ್ನು ಪೂರ್ತಿ ನಷ್ಟ ಎನ್ನಲಾರೆ. ಕುಣಿಗಲ್ ತಂಡದಲ್ಲಿ ವೀರಗಾಸೆ ಹೆಜ್ಜೆ ಕಲಿತ ಮೇಲೆ ನನ್ನ ದಮ್ಮು ಹೆಚ್ಚಿದೆ. ಸೋಮನ ಕುಣಿತದವರು ಅಷ್ಟು ಭಾರ ಹೊತ್ತು ಹೆಜ್ಜೆ ಹಾಕುವುದನ್ನು ಹತ್ತಿರದಿಂದ ನೋಡಿದ ಮೇಲೆ, ತಲೆಗೆ ಕಟ್ಟಿದ ಎರಡು ಸೇರು ಹೂವಿನ ಬಗ್ಗೆ ದೂರು ಹೇಳುವುದನ್ನು ನಿಲ್ಲಿಸಿದ್ದೇನೆ.

ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಈಗಲೂ ಪೌರಾಣಿಕ ನಾಟಕ ಆಡುತ್ತಾರೆ. ಹೊಲ, ಅಂಗಡಿ, ಕೋರ್ಟು, ಕಚೇರಿ ಎಂದು ದುಡಿಯುವವರೇ ಪಾತ್ರಧಾರಿಗಳು. ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತು ಮಾಡಿಕೊಂಡು, ಊಟ ಮುಗಿಸಿ ರಾತ್ರಿ ದೇವಸ್ಥಾನದ ಅಂಗಳದಲ್ಲಿ ಸೇರಿ ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ. ಇಷ್ಟೆಲ್ಲ ಒಂದೇ ಒಂದು ರಾತ್ರಿಗಾಗಿ! ಮೇಷ್ಟ್ರು ಕಂದಪದ್ಯದ ಒಂದು ಎಳೆತಕ್ಕೆ ಅರ್ಧ ಗಂಟೆ ನಿಲ್ಲಿಸುವುದನ್ನು ನಾನೇ ನೋಡಿದ್ದೇನೆ. ನಮ್ಮ ಲೆಕ್ಕ ತಲೆಕೆಳಗು: ಮೂರು ದಿನದ ಪ್ರಾಕ್ಟೀಸು, ವಾರಕ್ಕೆರಡು ಪ್ರದರ್ಶನ. ನಮ್ಮನ್ನು ‘ಕಲಾವಿದರು’ ಎಂದೂ ಅವರನ್ನು ‘ಹವ್ಯಾಸಿಗಳು’ ಎಂದೂ ಕರೆಯುತ್ತಾರೆ ಎಂಬುದು ತಮಾಷೆ.

ಇದು ಗುಬ್ಬಿಯ ಗಾಳಿಯೇ ಇರಬೇಕು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯನ್ನು ಬೆಳೆಸಿದ ಗುಬ್ಬಿ ವೀರಣ್ಣನವರ ಹೆಸರು ತುಮಕೂರಿನ ಕಲಾಕ್ಷೇತ್ರಕ್ಕಿದೆ, ನಾವೆಲ್ಲ ಅಲ್ಲಿ ಕುಣಿದವರೇ. ‘ಕುರುಕ್ಷೇತ್ರ’ ನಾಟಕಕ್ಕೆ ಅವರು ನಿಜವಾದ ಆನೆ, ಕುದುರೆಗಳನ್ನು ತಂದರು ಎಂಬ ಕಥೆಯನ್ನು ಪ್ರತಿ ಸಮಾರಂಭದಲ್ಲೂ ಹೇಳುತ್ತಾರೆ. ಕಂಪನಿಯಿಂದ ಬಂದವರ ಪಟ್ಟಿಯನ್ನೂ ಹೇಳುತ್ತಾರೆ: ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಿ.ವಿ. ಕಾರಂತ. ನನಗೆ ಮುಖ್ಯ ಅನಿಸುವುದು ಆನೆಯಲ್ಲ. ರಾತ್ರಿ ಪೂರ್ತಿ ಆಡಿ, ಮರುದಿನ ಮತ್ತೆ ಆಡಬೇಕಿದ್ದ ಕಂಪನಿಯಲ್ಲೂ ಇಂಥವರು ತಯಾರಾದರು ಎಂಬುದು. ಆಡುವುದರ ಜತೆಗೆ ಕಲಿಯುವುದೂ ಅಲ್ಲಿ ನಡೆಯುತ್ತಿತ್ತು. ವೀರಣ್ಣನವರು ತಮ್ಮ ಆತ್ಮಕಥೆಗೆ ಇಟ್ಟ ಹೆಸರು ‘ಕಲೆಯೇ ಕಾಯಕ’. ಕಾಯಕ ಎಂದರೆ ದಿನವೂ ಮಾಡುವುದು, ಕಾರ್ಯಕ್ರಮ ಇದ್ದಾಗ ಮಾತ್ರ ಮಾಡುವುದಲ್ಲ.

ಭಾಷಣಗಳ ಮಾತು ಬಂದಿದ್ದರಿಂದ ಇನ್ನೊಂದು. ತುಮಕೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಶಿವಗಂಗೆ ಬೆಟ್ಟ ಕಾಣುತ್ತದೆ, ಹೊಯ್ಸಳರ ಶಾಂತಲೆ ಕೊನೆಯುಸಿರೆಳೆದ ಜಾಗ. ಹಾಗಾಗಿ ನಮ್ಮ ಕಡೆ ಯಾವ ನೃತ್ಯ ಕಾರ್ಯಕ್ರಮದ ಅಧ್ಯಕ್ಷರೂ ‘ನಾಟ್ಯರಾಣಿ ಶಾಂತಲೆಯ ನಾಡಿದು’ ಎನ್ನದೆ ಮೈಕ್ ಬಿಡುವುದಿಲ್ಲ. ಇನ್ನು ಕೆಲವರು ಶಿವ ಕುಣಿದ ಕಲ್ಲೇ ಕುಣಿಗಲ್ ಆಯಿತು ಎಂದೂ ಸೇರಿಸುತ್ತಾರೆ. ನಾವು ಸೈಡ್ ವಿಂಗಿನಲ್ಲಿ ಗೆಜ್ಜೆ ಕಟ್ಟಿ ನಿಂತು, ಮೈ ತಣ್ಣಗಾಗುತ್ತಿದೆ, ಬೇಗ ಮುಗಿಸಲಿ ದೇವರೇ ಎಂದು ಕೇಳಿಕೊಳ್ಳುತ್ತಿರುತ್ತೇವೆ.

ಶಾಂತಲೆ ದೂರದ ಮಾತಾಯಿತು. ಹತ್ತಿರದ ಉದಾಹರಣೆ ಕೆ. ವೆಂಕಟಲಕ್ಷಮ್ಮ. 1906ರಲ್ಲಿ ಕಡೂರು ಸೀಮೆಯ ತಾಂಡಾವೊಂದರಲ್ಲಿ ಹುಟ್ಟಿದ ಲಂಬಾಣಿ ಹುಡುಗಿ. ಎಂಟನೇ ವಯಸ್ಸಿನಲ್ಲಿ ಮೈಸೂರಿನ ಜಟ್ಟಿ ತಾಯಮ್ಮನವರ ಬಳಿ ಕಲಿಯಲು ಶುರು ಮಾಡಿ, ಹನ್ನೆರಡಕ್ಕೆ ರಂಗಪ್ರವೇಶ ಮಾಡಿದರು. ನಮ್ಮ ಕಾಲದಲ್ಲಾದರೆ ರಂಗಪ್ರವೇಶದ ಫೋಟೊ ಸ್ಟೇಟಸ್ಸಿಗೆ ಹಾಕಿದಲ್ಲಿಗೆ ಎಷ್ಟೋ ಜನರ ಕಲಿಕೆ ಮುಗಿಯುತ್ತದೆ. ಅವರು ಅದಾದ ಮೇಲೂ ಗುರುವಿನ ಜತೆ ವರ್ಷಗಟ್ಟಲೆ ಉಳಿದರು. ಅರಮನೆಯ ಕಲಾವಿದೆಯಾದರು, 1965ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ನೃತ್ಯ ಕಲಿಸಲು ಸೇರಿದರು, 1992ರಲ್ಲಿ ಪದ್ಮಭೂಷಣ ಪಡೆದರು. ಓದು, ಕೆಲಸ, ನೃತ್ಯ ಮೂರೂ ಆಗುವುದಿಲ್ಲ ಎನ್ನುವವರಿಗೆ ಇನ್ನೊಂದು ಹೆಸರು ಹೇಳುತ್ತೇನೆ: ಯು.ಎಸ್. ಕೃಷ್ಣರಾವ್. ಕೆಮಿಸ್ಟ್ರಿ ಮೇಷ್ಟ್ರಾಗಿದ್ದುಕೊಂಡೇ ಪತ್ನಿ ಚಂದ್ರಭಾಗಾ ದೇವಿಯವರ ಜತೆ ಭರತನಾಟ್ಯ ಕುಣಿದವರು, ಕಲಿಸಿದವರು. ಈ ಹೆಸರನ್ನು ನಮ್ಮ ಲ್ಯಾಬ್ ಇನ್‌ಚಾರ್ಜ್ ಒಬ್ಬರಿಗೆ ಹೇಳಿದೆ. ಅವರು ನಕ್ಕು, ‘ಅವರ ಅಟೆಂಡೆನ್ಸ್ ಎಷ್ಟಿತ್ತಂತೆ?’ ಎಂದರು.

ಕಳೆದ ಕೆಲವು ತಿಂಗಳಿಂದ ಎಲ್ಲರೂ ಕೇಳುವ ಪ್ರಶ್ನೆ ಬೇರೆಯೇ. 2025ರ ಜುಲೈನಲ್ಲಿ ಮಂಗಳೂರಿನ ವಿದ್ಯಾರ್ಥಿನಿ ರೆಮೋನಾ ಇವೆಟ್ ಪಿರೇರಾ 170 ಗಂಟೆ ಭರತನಾಟ್ಯ ಮಾಡಿ ದಾಖಲೆ ಬರೆದರು. ಮುಂದಿನ ತಿಂಗಳೇ ಉಡುಪಿಯ ದೀಕ್ಷಾ 216 ಗಂಟೆ ಮಾಡಿದರು. ‘ನೀನೂ ಟ್ರೈ ಮಾಡು’ ಎನ್ನುತ್ತಾರೆ, ಗೋಲ್‌ಗಪ್ಪಾ ತಿನ್ನುವ ಪಂದ್ಯದ ಹಾಗೆ! ಆ ಇಬ್ಬರ ಬಗ್ಗೆ ನನಗೆ ಗೌರವವಿದೆ. ಆದರೆ ಅದನ್ನು ನೋಡಿದ ಜನ ಗಂಟೆಗಳನ್ನಷ್ಟೇ ನೆನಪಿಟ್ಟುಕೊಂಡರು, ಅಷ್ಟು ಹೊತ್ತು ತಡೆಯುವ ಮೈಯನ್ನು ಕಟ್ಟಲು ಹಿಡಿದ ವರ್ಷಗಳನ್ನಲ್ಲ.

ಮೈಯ ವಿಷಯ ಬಂದಾಗ ನನ್ನ ಓದು ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ಒಂದು ಸಣ್ಣ ಲೆಕ್ಕ ಹಾಕೋಣ. ಮೊದಲ ತಟ್ಟಡವನ್ನು ಎಂಟು ಏಟಿನ ಆದಿತಾಳದಲ್ಲಿ ಒಂದು ಆವರ್ತ ಮಾಡಿದರೆ ಮೊದಲ ಕಾಲದಲ್ಲಿ 8 ಸಲ ನೆಲ ತಟ್ಟುತ್ತೇವೆ. ಎರಡನೇ ಕಾಲದಲ್ಲಿ 16, ಮೂರನೆಯದರಲ್ಲಿ 32. ಒಟ್ಟು 56. ಎರಡೆರಡು ಆವರ್ತವಾದರೆ 112. ಇದು ಒಂದೇ ಒಂದು ಅಡವಿಗೆ. ಒಂದು ಸಂಜೆಯಲ್ಲಿ ಸಾವಿರಗಳ ಲೆಕ್ಕಕ್ಕೆ ಹೋಗುತ್ತದೆ. ಮೆಕ್ಯಾನಿಕಲ್‌ನವರು ‘ಫೆಟೀಗ್’ ಎಂಬ ಪಾಠ ಓದಿರುತ್ತಾರೆ. 19ನೇ ಶತಮಾನದಲ್ಲಿ ರೈಲಿನ ಆಕ್ಸಲ್‌ಗಳು ಯಾವ ಅತಿಭಾರವೂ ಇಲ್ಲದೆ ಮುರಿಯುತ್ತಿದ್ದವು. ಜರ್ಮನಿಯ ಆಗಸ್ಟ್ ವೂಲರ್ ಪ್ರಯೋಗ ಮಾಡಿ ಕಾರಣ ತೋರಿಸಿದರು: ಒಂದು ಸಲಕ್ಕೆ ಏನೂ ಮಾಡದ ಸಣ್ಣ ಹೊರೆಯೇ ಲಕ್ಷಾಂತರ ಸಲ ಬಿದ್ದರೆ ಲೋಹದಲ್ಲಿ ಬಿರುಕು ಹುಟ್ಟಿ ಬೆಳೆಯುತ್ತದೆ. ಮೊಣಕಾಲಿನ ಕೆಳಗಿನ ಮೂಳೆಯ ಕಥೆಯೂ ಬಹುಮಟ್ಟಿಗೆ ಅದೇ. ನೃತ್ಯಗಾರರಿಗೂ ಓಟಗಾರರಿಗೂ ಬರುವ ಸ್ಟ್ರೆಸ್ ಫ್ರ್ಯಾಕ್ಚರ್ ಎಂದರೆ ಬಿದ್ದು ಮುರಿದದ್ದಲ್ಲ, ಬಡಿದೂ ಬಡಿದೂ ಬಿರುಕು ಬಿಟ್ಟದ್ದು. ಆದರೆ ಲೋಹಕ್ಕಿಲ್ಲದ ಒಂದು ಭಾಗ್ಯ ಮೂಳೆಗಿದೆ. ಬಿಡುವು ಕೊಟ್ಟರೆ ಅದು ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ, ಇನ್ನಷ್ಟು ಗಟ್ಟಿಯೂ ಆಗುತ್ತದೆ. ಬಿಡುವು ಕೊಡುವುದೇ ನಮಗೆ ಬಾರದ ವಿದ್ಯೆ.

ನೆಲದ ಮಾತನ್ನು ಯಾರೂ ಆಡುವುದಿಲ್ಲ. ಗುರುಗಳ ಕ್ಲಾಸಿನಲ್ಲಿ ಎಲ್ಲಿ ಗಟ್ಟಿ, ಎಲ್ಲಿ ಮೆದು ಎಂದು ಪಾದಕ್ಕೆ ಗೊತ್ತು. ಕಾರ್ಯಕ್ರಮದಲ್ಲಿ ಇವತ್ತು ಗ್ರಾನೈಟ್, ನಾಳೆ ಸಿಮೆಂಟು, ನಾಡಿದ್ದು ಶಾಮಿಯಾನದವರು ಡ್ರಮ್ಮಿನ ಮೇಲೆ ಹಲಗೆ ಜೋಡಿಸಿ ಹಸಿರು ಮ್ಯಾಟ್ ಹೊದಿಸಿದ ವೇದಿಕೆ. ಹಲಗೆ ಜೋಡಣೆಯ ಸಂದಿಯಲ್ಲಿ ಹೆಬ್ಬೆರಳು ಸಿಕ್ಕರೆ ಆ ಸೀಸನ್ ಮುಗಿದಂತೆ. ನಮ್ಮ ಜತೆಯ ಒಬ್ಬಳು ಕಳೆದ ವರ್ಷ ಮೂರು ವಾರದಲ್ಲಿ ಒಂಬತ್ತು ಕಡೆ ಕುಣಿದಳು. ಹತ್ತನೆಯ ವೇದಿಕೆ ಹತ್ತುವ ಮೊದಲು ಮುಂಗಾಲಿನ ಮೂಳೆ ನೋವು ಜಾಸ್ತಿಯಾಗಿ ಡಾಕ್ಟರ ಬಳಿ ಹೋದರೆ, ಆರು ವಾರ ಕಾಲೂರಿ ಹಾರುವಂತಿಲ್ಲ ಎಂದರು. ಅವಳ ಸೀನಿಯರ್ ಪರೀಕ್ಷೆ ಆ ಆರು ವಾರದೊಳಗೇ ಇತ್ತು. ಕರೆದ ಸಂಘಟಕರಲ್ಲಿ ಒಬ್ಬರೂ ಆಮೇಲೆ ಫೋನ್ ಮಾಡಲಿಲ್ಲ. ಫೋನ್ ಮಾಡಬೇಕಾದ್ದು ಅವರ ಕರ್ತವ್ಯ ಎಂದು ಎಲ್ಲೂ ಬರೆದಿಲ್ಲವಲ್ಲ.

ಇಲ್ಲೊಂದು ಇಕ್ಕಟ್ಟಿದೆ, ಅದನ್ನು ಮುಚ್ಚಿಡಬಾರದು. ಅಭ್ಯಾಸವೂ ಅದೇ ಕಾಲಿನ ಮೇಲೆ ಬೀಳುವ ಹೊರೆಯೇ. ಹಾಗಾಗಿ ‘ಕಾರ್ಯಕ್ರಮಗಳನ್ನೂ ಮಾಡು, ಕ್ಲಾಸನ್ನೂ ಬಿಡಬೇಡ’ ಎಂಬ ಸಲಹೆ ಕೇಳಲು ಚೆಂದ, ಕಾಲಿಗೆ ಎರಡು ಪಟ್ಟು ಹೊರೆ. ಕ್ಲಾಸ್ ಉಳಿಯಬೇಕಾದರೆ ಕಾರ್ಯಕ್ರಮ ಕಡಿಮೆಯಾಗಲೇಬೇಕು. ಬೇರೆ ದಾರಿ ನನಗೆ ಕಂಡಿಲ್ಲ.

ಬೇರೆಯವರು ಇದನ್ನು ಹೇಗೆ ಸಂಭಾಳಿಸುತ್ತಾರೆ ಎಂದು ನೋಡಿದರೆ ಎರಡು ಬಗೆ ಕಾಣುತ್ತದೆ. ಯುರೋಪಿನ ಬ್ಯಾಲೆ ಕಂಪನಿಗಳಲ್ಲಿ ಬೆಳಗ್ಗೆ ಎಲ್ಲರಿಗೂ ‘ಕ್ಲಾಸ್’ ಇರುತ್ತದೆ. ಸಂಜೆ ಪ್ರದರ್ಶನ ಇದ್ದರೂ, ಮುಖ್ಯ ಪಾತ್ರಧಾರಿಯಾದರೂ, ಕಂಬಿ ಹಿಡಿದು ನಿಂತು ಮೊದಲ ಪಾಠದಿಂದಲೇ ಶುರು. ಆ ಮೊದಲ ಪಾಠ ‘ಪ್ಲಿಯೆ’, ಅಂದರೆ ಮಂಡಿ ಹೊರಕ್ಕೆ ತಿರುಗಿಸಿ ಬಗ್ಗುವುದು. ನಮ್ಮ ಅರೆಮಂಡಿಯ ದಾಯಾದಿ! ಅವರಿಗೆ ಸಂಬಳವಿದೆ, ಫಿಸಿಯೊ ಇದ್ದಾರೆ, ಕುಶನ್ ಇರುವ ನೆಲವಿದೆ. ನಮಗೆ ಒಗ್ಗುವುದು ಎರಡನೆಯ ಬಗೆ, ಕರಾವಳಿಯದು. ಯಕ್ಷಗಾನ ಮೇಳಗಳು ನವೆಂಬರಿನಿಂದ ತಿರುಗಾಟ ನಡೆಸಿ, ಮೇ ತಿಂಗಳ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಮಳೆಗಾಲ ಮೈ ಸುಧಾರಿಸಿಕೊಳ್ಳಲು, ಕಲಿಯಲು, ಕಲಿಸಲು. ತುಮಕೂರಿಗೆ ಪತ್ತನಾಜೆ ಇಲ್ಲ, ಆದರೆ ಆಷಾಢ ಇದೆ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಕಾರ್ಯಕ್ರಮಗಳೂ ಕಡಿಮೆ. ಛತ್ರದವರು ಶಪಿಸುವ ಈ ತಿಂಗಳನ್ನು ನಾನು ಅಡವುಗಳಿಗೆ ಎತ್ತಿಟ್ಟಿದ್ದೇನೆ. ಅಷ್ಟೇ ಏಕೆ, ಟಿಪ್ಪು ಕಾಲದಿಂದ ಕುದುರೆ ಸಾಕಿದ ಊರು ಕುಣಿಗಲ್. ಎಂಥ ಜಾತಿ ಕುದುರೆಯನ್ನೂ ಯಾರೂ ದಿನಾ ರೇಸಿಗೆ ಬಿಡುವುದಿಲ್ಲ ಎಂದು ನಮ್ಮ ತಂಡದ ಡೊಳ್ಳಿನ ಹುಡುಗ ಹೇಳುತ್ತಿರುತ್ತಾನೆ. ಅವನೇ ತಿಂಗಳಿಗೆ ಹತ್ತು ಪ್ರೋಗ್ರಾಂ ಒಪ್ಪಿಕೊಳ್ಳುತ್ತಾನೆ, ಆ ಮಾತು ಬೇರೆ.

ಉಳಿದ ತಿಂಗಳುಗಳಲ್ಲಿ ವಾರ ಹೀಗೆ ಸಾಗುತ್ತದೆ. ಮಂಗಳವಾರ, ಗುರುವಾರ ಸಂಜೆ ಗುರುಗಳ ಕ್ಲಾಸು. ಅದಕ್ಕೆ ಕಾಲೇಜಿನ ಪ್ರಾಕ್ಟೀಸೂ ಅಡ್ಡ ಬರುವಂತಿಲ್ಲ ಎಂದು ತಂಡಕ್ಕೆ ಮೊದಲೇ ಹೇಳಿದ್ದೇನೆ. ಉಳಿದ ದಿನ ಬೆಳಗ್ಗೆ ಐದೂಮುಕ್ಕಾಲಿಗೆ ಎದ್ದು ಮನೆಯ ಮಹಡಿಯಲ್ಲಿ ನಲವತ್ತು ನಿಮಿಷ. ಹಾಡಿಲ್ಲ, ಗೆಜ್ಜೆಯಿಲ್ಲ, ಕೆಳಗಿನ ಮನೆಯವರು ಮಲಗಿರುವುದರಿಂದ ಜೋರು ತಟ್ಟುವುದೂ ಇಲ್ಲ. ಇದರಿಂದ ಅನುಕೂಲವೇ ಆಯಿತು. ಸದ್ದಿಲ್ಲದೆ ತಟ್ಟಬೇಕಾದರೆ ಪಾದವನ್ನು ಇಳಿಸುವ ಹದ ಕಲಿಯಲೇಬೇಕು. ಕೂತು ಏಳುವ ಮಂಡಿ ಅಡವು ವಾರಕ್ಕೆರಡೇ ದಿನ. ಕಾರ್ಯಕ್ರಮದ ಮರುದಿನ ಕಾಲಿಗೆ ಏನೂ ಇಲ್ಲ, ಕೈ, ಕಣ್ಣು, ಕತ್ತು ಮಾತ್ರ. ಥಿಯರಿ ಎಲ್ಲ ಬಸ್ಸಿನಲ್ಲಿ. ಹೆಬ್ಬೂರು ಬರುವಷ್ಟರಲ್ಲಿ 28 ಅಸಂಯುತ ಹಸ್ತಗಳನ್ನು ಮಡಿಲಿನಲ್ಲಿ ಗುಟ್ಟಾಗಿ ಹಿಡಿದು ಮುಗಿಸಬಹುದು. ಪಕ್ಕದ ಸೀಟಿನ ಅಜ್ಜಿಯೊಬ್ಬರು ಒಮ್ಮೆ, ‘ಬೆರಳು ಸೆಳೀತಾವೇನವ್ವ?’ ಎಂದು ಕೇಳಿ, ತಮ್ಮ ಚೀಲದಿಂದ ನೋವಿನ ಎಣ್ಣೆ ತೆಗೆದುಕೊಟ್ಟರು.

ಕಾಲೇಜಿನ ಕಡೆಯಿಂದ ಎರಡು ಬೇಲಿಗಳಿವೆ. ವಿಟಿಯು ನಿಯಮದಂತೆ ಶೇ 85 ಹಾಜರಾತಿ ಬೇಕು, ವಿಷಯಕ್ಕೆ 50 ಅಂಕ ಇಂಟರ್ನಲ್ಸ್ ಮತ್ತು ಅಸೈನ್‌ಮೆಂಟಿನಿಂದಲೇ ಬರಬೇಕು. ಆದ್ದರಿಂದ ಇಂಟರ್ನಲ್ಸ್ ವಾರದಲ್ಲಿ ಯಾರು ಕರೆದರೂ ‘ಇಲ್ಲ’. ಈ ‘ಇಲ್ಲ’ವನ್ನು ಹೇಳುವ ರೀತಿಯೂ ಒಂದು ಅಭ್ಯಾಸ. ‘ನೋಡ್ತೀನಿ’, ‘ಟ್ರೈ ಮಾಡ್ತೀನಿ’ ಎಂದರೆ ಎದುರಿನವರು ಹೌದು ಎಂದೇ ಬರೆದುಕೊಳ್ಳುತ್ತಾರೆ. ‘12ರಿಂದ 16 ನಂಗೆ ಪರೀಕ್ಷೆ, ಬರಲ್ಲ, 20ಕ್ಕೆ ಬರ್ತೀನಿ’ ಎಂದರೆ ಯಾರಿಗೂ ಗೊಂದಲವಿಲ್ಲ. ಬೇಜಾರಾಗುತ್ತಾರೆ, ನಿಜ. ಆದರೆ ಹಿಂದಿನ ರಾತ್ರಿ ಕೈಕೊಟ್ಟವರ ಮೇಲೆ ಆಗುವ ಸಿಟ್ಟಿನಷ್ಟು ಅಲ್ಲ.

ದುಡ್ಡಿನ ಮಾತನ್ನು ಮರೆತರೆ ಈ ಲೇಖನ ಸುಳ್ಳಾಗುತ್ತದೆ. ಅಡವು ಮಾಡಿದ್ದಕ್ಕೆ ಯಾರೂ ಕಾಸು ಕೊಡುವುದಿಲ್ಲ, ಫೀಸು ನಾವೇ ಕಟ್ಟಬೇಕು. ಕುಣಿಗಲ್ ತಂಡದಿಂದ ಒಂದು ರಾತ್ರಿಗೆ ಐನೂರೋ ಸಾವಿರವೋ ಬರುತ್ತದೆ. ಅದರಲ್ಲೇ ಗುರುಗಳ ಫೀಸು, ಪರೀಕ್ಷಾ ಶುಲ್ಕ, ಗೆಜ್ಜೆಯ ಪಟ್ಟಿ, ಒಮ್ಮೊಮ್ಮೆ ಪ್ರಾಜೆಕ್ಟಿನ ಪ್ರಿಂಟೌಟು. ‘ಕಲೆಗೆ ಬೆಲೆ ಕಟ್ಟಬಾರದು’ ಎಂಬ ಮಾತನ್ನು ನಾನು ಕೇಳಿರುವುದು ಕೊಡಬೇಕಾದವರ ಬಾಯಲ್ಲಿ ಮಾತ್ರ. ಒಬ್ಬರು ಶಾಲು, ಒಂದು ಫಲಕ, ಅದರಲ್ಲಿ ತಪ್ಪಾಗಿ ಅಚ್ಚಾದ ನನ್ನ ಹೆಸರು ಕೊಟ್ಟು, ಪೇಮೆಂಟ್ ‘ಮುಂದಿನ ವಾರ’ ಎಂದರು. ಆ ವಾರ ಇನ್ನೂ ಬಂದಿಲ್ಲ. ಆದ್ದರಿಂದ ಕಾರ್ಯಕ್ರಮ ಬಿಡುವುದೆಂದರೆ ಬರೀ ಚಪ್ಪಾಳೆ ಬಿಡುವುದಲ್ಲ. ಮನೆಯಲ್ಲಿ ಕೇಳದೆ ನಡೆಯುತ್ತಿದ್ದ ಖರ್ಚಿಗೆ ಮತ್ತೆ ಕೈ ಚಾಚುವುದು.

ಆ ಆಯ್ಕೆ ಈ ಸೆಮಿಸ್ಟರಿನಲ್ಲೇ ಎದುರಾಗಿದೆ. ಕುಣಿಗಲ್ ತಂಡಕ್ಕೆ ನವೆಂಬರ್, ಡಿಸೆಂಬರಿನಲ್ಲಿ ಎಂಟು ಕಾರ್ಯಕ್ರಮ ಸಿಕ್ಕಿವೆ. ಅದೇ ಹೊತ್ತಿಗೆ ವಿದ್ವತ್ ತಯಾರಿ, ಸೆಮಿಸ್ಟರ್ ಪರೀಕ್ಷೆ, ಜತೆಗೆ ಮುಂದಿನ ವರ್ಷದ ಪ್ಲೇಸ್‌ಮೆಂಟಿಗೆಂದು ಶನಿವಾರಗಳ ಆಪ್ಟಿಟ್ಯೂಡ್ ಟ್ರೈನಿಂಗು. ರಾತ್ರಿ ಕಾರ್ಯಕ್ರಮ ಮುಗಿದ ಮೇಲೆ ಕುಣಿಗಲ್‌ನಿಂದ ತುಮಕೂರಿಗೆ ಬಸ್ಸು ಹಿಡಿಯುವುದು ಸುಲಭವಲ್ಲ. ಅಪ್ಪ ಸ್ಕೂಟರಿನಲ್ಲಿ ಅಷ್ಟು ದೂರ ಬಂದು ಕಾಯುತ್ತಾರೆ, ಮರುದಿನ ಅವರಿಗೆ ಬೆಳಗಿನ ಶಿಫ್ಟು. ಗುರುಗಳು ಏನೂ ಹೇಳಲಿಲ್ಲ. ‘ಎಷ್ಟು ಕಡೆ ಬೇಕಾದ್ರೂ ಕುಣಿ. ಗೆರೆ ನಿನಗೇ ಹೇಳುತ್ತೆ’ ಎಂದರು ಅಷ್ಟೆ.

ಎಂಟರಲ್ಲಿ ಎರಡಕ್ಕೆ ಮಾತ್ರ ಬರುತ್ತೇನೆ ಎಂದು ತಂಡದ ಮುಖ್ಯಸ್ಥರಿಗೆ ಹೇಳಿದೆ. ‘ಎಂಟರಲ್ಲಿ ಎರಡು ಅಂದ್ರೆ ಉಳಿದ ಆರರಲ್ಲಿ ನಿನ್ನ ಪೊಸಿಷನ್ ಯಾರು ತುಂಬೋದಮ್ಮ?’ ಎಂದರು. ಸಿಟ್ಟಿನಲ್ಲಿ ಕೇಳಿದ್ದಲ್ಲ, ನ್ಯಾಯವಾದ ಪ್ರಶ್ನೆ. ಹನ್ನೆರಡು ಜನರ ವಿನ್ಯಾಸದಲ್ಲಿ ಒಬ್ಬರು ಹೋದರೆ ಸಾಲು ಮುರಿಯುತ್ತದೆ. ನನ್ನ ಲೆಕ್ಕ ಸರಿಯಿದ್ದರೂ ಅದರ ಭಾರ ಉಳಿದ ಹನ್ನೊಂದು ಮಂದಿಯ ಮೇಲೆ ಬೀಳುತ್ತದೆ. ಎರಡು ದಿನ ಯೋಚಿಸಿ, ಅಲ್ಲೇ ಪಿಯುಸಿ ಓದುತ್ತಿರುವ ಒಬ್ಬ ಹುಡುಗಿಯನ್ನು ತಂಡಕ್ಕೆ ತೋರಿಸಿದೆ. ಹೆಜ್ಜೆ ಚುರುಕು, ತಾಳಜ್ಞಾನ ಚೆನ್ನಾಗಿದೆ, ಮನೆ ಕುಣಿಗಲ್ ಪೇಟೆಯಲ್ಲೇ, ರಾತ್ರಿ ಬಸ್ಸಿನ ಚಿಂತೆಯಿಲ್ಲ. ಅವಳೂ ಎಲ್ಲಾದರೂ ವಾರಕ್ಕೆರಡು ದಿನ ಕ್ಲಾಸಿಗೆ ಹೋಗುವುದಾದರೆ ಎಂಬ ಷರತ್ತು ಹಾಕಲು ಬಾಯಿ ಬಂದಿತ್ತು. ಹದಿನೇಳರ ಹುಡುಗಿಗೆ ಮೊದಲ ಪೇಮೆಂಟ್ ಸಿಗುವ ಖುಷಿಯ ಮುಂದೆ ಆ ಮಾತು ಆಡಲಿಲ್ಲ. ಇನ್ನೊಂದು ದಿನ ಹೇಳಬೇಕು.

ಗುಬ್ಬಿಯನ್ನು ಬಿಡಲಿಲ್ಲ. ಅಮ್ಮ ಕೇಳಿದರು, ಬಿಡುವುದಾದರೆ ಅದನ್ನೇ ಬಿಡಬಹುದಿತ್ತಲ್ಲ, ಅಲ್ಲಿ ಸಿಗುವುದು ಇನ್ನೂ ಕಡಿಮೆ ಎಂದು. ಆದರೆ ಗುಬ್ಬಿಯಲ್ಲಿ ನಾನು ಮಾಡುವುದು ತಟ್ಟಡವು, ನಾಟಡವು, ಮೊದಲ ಕಾಲ, ಎರಡನೇ ಕಾಲ ಮಾತ್ರ. ಹತ್ತು ಮಕ್ಕಳ ಮುಂದೆ ನಿಂತು ‘ಮಂಡಿ ಅಗಲ ಮಾಡಿ, ಬೆನ್ನು ನೆಟ್ಟಗೆ’ ಎಂದು ಕೂಗುವಾಗ ಸ್ವತಃ ಎದ್ದು ನಿಂತಿರಲು ಆಗುವುದಿಲ್ಲ. ಆಗಿದ್ದರೆ ಮೂರನೇ ಕ್ಲಾಸಿನ ಒಬ್ಬಳು ಬಿಡುವುದಿಲ್ಲ: ‘ಮಿಸ್, ನೀವೂ ಕೂತ್ಕೊಂಡು ಮಾಡಿ!’

ಈ ಶನಿವಾರ ಟ್ರೈನಿಂಗ್ ಮುಗಿಸಿ ಎರಡು ಗಂಟೆಯ ಬಸ್ಸಿಗೆ ಕುಣಿಗಲ್‌ಗೆ ಹೋಗಬೇಕು, ಆ ಹುಡುಗಿಗೆ ನನ್ನ ಜಾಗದ ಹೆಜ್ಜೆಗಳನ್ನು ಹೇಳಿಕೊಡಲು. ವೀರಗಾಸೆ ತುಣುಕಿನಲ್ಲಿ ಎಡಕ್ಕೆ ತಿರುಗುವ ಒಂದು ಕಡೆ ಎಲ್ಲರೂ ತಡವರಿಸುತ್ತಾರೆ, ಅದನ್ನು ನಿಧಾನ ಕಾಲದಲ್ಲೇ ಶುರು ಮಾಡಿಸಬೇಕು. ಸೋಮವಾರ ಥಿಯರಿ ಆಫ್ ಮಷೀನ್ಸ್ ಇಂಟರ್ನಲ್ಸ್.